43 ವರ್ಷ, ಒಂದೇ ಕಾಲೇಜು, ಒಂದೇ ತಂಡ: ವಾಲಿಬಾಲ್ ಕೋಚ್ ರಸ್ ರೋಸ್ ಬಗ್ಗೆ ಮಾತಾಡೋಣ

ರೆಕ್‌ಹಾಲ್_ಹಿಂದಿನಸಾಲು:
ಕ್ರಿಕೆಟ್ ಕೋಚ್‌ಗಳ ಬಗ್ಗೆ ಇಲ್ಲಿ ದಿನಕ್ಕೊಂದು ಜಗಳ ನಡೀತಾನೇ ಇರುತ್ತೆ. ವಾಲಿಬಾಲ್‌ಗೂ ಒಂದು ಜಾಗ ಇರಲಿ ಅಂತ ಇದನ್ನ ಶುರು ಮಾಡ್ತಿದ್ದೀನಿ.

ನಾನು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಪೆನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂಎಸ್ ಮಾಡಿದವನು. ಅಲ್ಲಿನ ಹೆಣ್ಮಕ್ಕಳ ವಾಲಿಬಾಲ್ ತಂಡ ಆಡೋದು ರೆಕ್ ಹಾಲ್ ಅನ್ನೋ ಹಳೇ ಒಳಾಂಗಣದಲ್ಲಿ. ಕೋಚ್ ರಸ್ ರೋಸ್. 1979ರಲ್ಲಿ, ಇನ್ನೂ 25ರ ಪ್ರಾಯದಲ್ಲಿ ಕೆಲಸಕ್ಕೆ ಸೇರಿದವರು 2021ರ ಸೀಸನ್ ಮುಗಿಸಿಯೇ ಎದ್ದಿದ್ದು. 43 ಸೀಸನ್, 1,330 ಗೆಲುವು, 229 ಸೋಲು, 7 ರಾಷ್ಟ್ರೀಯ ಪ್ರಶಸ್ತಿ. ಅಂಕಿ ಕೇಳಿದ್ರೆ ಯಾರಿಗಾದ್ರೂ ಬಾಯಿ ಬಿಡೋ ಹಾಗಾಗುತ್ತೆ. ಆದರೆ ನನಗೆ ಮಾತಾಡಬೇಕಿರೋದು ಅದಲ್ಲ. ಆ ಏಳರಲ್ಲಿ ಮೊದಲನೇದು ಬಂದದ್ದು 1999ರಲ್ಲಿ, ಅಂದ್ರೆ ಅವರ 21ನೇ ಸೀಸನ್‌ನಲ್ಲಿ.

ಇನ್ನೊಂದು ವಿಷಯ. ಬೇರೆ ಕೋಚ್‌ಗಳು ಗೆರೆ ಪಕ್ಕ ನಿಂತು ಕೂಗಾಡ್ತಿದ್ರೆ ಈ ಮನುಷ್ಯ ಬೆಂಚ್ ಮೇಲೆ ಕೂತು ಬರೀತಿದ್ರು. ಪಾಯಿಂಟ್ ಬಂದ್ರೂ ಬರೀತಾರೆ, ಹೋದ್ರೂ ಬರೀತಾರೆ. ನನ್ನ ಪಕ್ಕ ಕೂತಿದ್ದ ಗೆಳೆಯ "ಇವ್ರೇನು ದಿನಸಿ ಲೆಕ್ಕ ಬರೀತಿದಾರಾ" ಅಂದಿದ್ದ. ಅದು ಅವರ ಜೀವಮಾನದ ಕೆಲಸ ಅಂತ ಆಮೇಲೆ ಓದಿ ತಿಳ್ಕೊಂಡೆ. ನೆಬ್ರಾಸ್ಕ ಯೂನಿವರ್ಸಿಟಿಯಲ್ಲಿ ಕೋಚ್ ಟೆರಿ ಪೆಟಿಟ್ ಕೈಕೆಳಗೆ ಸಹಾಯಕ ಕೋಚ್ ಆಗಿದ್ದಾಗ ಸ್ನಾತಕೋತ್ತರ ಪ್ರಬಂಧ ಬರೆದದ್ದೇ ವಾಲಿಬಾಲ್ ಅಂಕಿಅಂಶದ ಮೇಲೆ. ಕಂಪ್ಯೂಟರ್ ಇಟ್ಕೊಂಡು ಮ್ಯಾಚ್ ನೋಡೋ ಕಾಲ ಬರೋದಕ್ಕೆ ಎಷ್ಟೋ ವರ್ಷ ಮುಂಚೆ.

ನಿಮಗೆ ಏನನ್ಸುತ್ತೆ?

ಹುಬ್ಳಿ_ಬೂಸ್ಟರ್:
ಅಲ್ರಿ, ಇಪ್ಪತ್ತು ವರ್ಷ ಕಪ್ ತರದವನ್ನ ಯಾರ್ ಇಟ್ಕೋತಾರ? ನಮ್ಮ ಕಡೆ ಎರಡು ಸಲ ಲೀಗ್‌ನಾಗ ಹೊರಗ ಬಿದ್ರ "ಸರ್ ಅವರಿಗೆ ವಯಸ್ಸಾತು" ಅಂತ ಶುರು ಹಚ್ಕೋತಾರ. ಇವನ್ನ ಹೆಂಗ ಉಳಿಸ್ಕೊಂಡ್ರು?

ರೆಕ್‌ಹಾಲ್_ಹಿಂದಿನಸಾಲು:
@ಹುಬ್ಳಿ_ಬೂಸ್ಟರ್ ಒಳ್ಳೆ ಪ್ರಶ್ನೆ. ಕಪ್ ಇರಲಿಲ್ಲ ನಿಜ, ಹಾಗಂತ ಸೋಲ್ತಾ ಕೂತಿರಲಿಲ್ಲ. ಹೆಣ್ಮಕ್ಕಳ ವಾಲಿಬಾಲ್‌ಗೆ ಎನ್‌ಸಿಎಎ (ಅಲ್ಲಿನ ಕಾಲೇಜು ಆಟಗಳನ್ನ ನಡೆಸೋ ಸಂಸ್ಥೆ) ರಾಷ್ಟ್ರೀಯ ಟೂರ್ನಿ ಶುರುವಾದದ್ದು 1981ರಲ್ಲಿ. ಆ ವರ್ಷದಿಂದ ಅವರು ಬಿಡೋವರೆಗೆ ಪೆನ್ ಸ್ಟೇಟ್ ಒಂದು ವರ್ಷವೂ ತಪ್ಪದೆ ಆ ಟೂರ್ನಿಗೆ ಹೋಗಿದೆ.

ತೊಡಕು ಇದ್ದದ್ದು ಭೂಗೋಳದಲ್ಲಿ. ಆಗ ವಾಲಿಬಾಲ್ ಅಂದ್ರೆ ಪಶ್ಚಿಮ ಕರಾವಳಿ ಮತ್ತು ಹವಾಯಿ. ಸದರ್ನ್ ಕ್ಯಾಲಿಫೋರ್ನಿಯಾ, ಹವಾಯಿ, ಯುಸಿಎಲ್‌ಎ, ಪೆಸಿಫಿಕ್, ಲಾಂಗ್ ಬೀಚ್ ಸ್ಟೇಟ್, ಸ್ಟ್ಯಾನ್‌ಫರ್ಡ್. ಕಪ್ ಇವರ ಮನೆಗಳ ಮಧ್ಯೆನೇ ಓಡಾಡ್ಕೊಂಡಿತ್ತು. ನಡುವೆ 1988ರಲ್ಲಿ ಟೆಕ್ಸಾಸ್, 1995ರಲ್ಲಿ ನೆಬ್ರಾಸ್ಕ ಕಿತ್ಕೊಂಡ್ರು, ಅಷ್ಟೇ. ಪೂರ್ವದ ಕಡೆಯ ಯಾವ ಕಾಲೇಜೂ ಗೆದ್ದಿರಲಿಲ್ಲ. ಎತ್ತರದ ಹುಡುಗಿ, ಒಳ್ಳೆ ಕೈ, ಅಂಥವಳು ಬಿಸಿಲು ಬೀಚು ಬಿಟ್ಟು ಹಿಮ ಬೀಳೋ ಪೆನ್ಸಿಲ್ವೇನಿಯಾದ ಹಳ್ಳಿಗಾಡಿಗೆ ಯಾಕೆ ಬರ್ತಾಳೆ? 1991ರಲ್ಲಿ ಬಿಗ್ ಟೆನ್ ಅನ್ನೋ ಕಾಲೇಜುಗಳ ಒಕ್ಕೂಟಕ್ಕೆ ಸೇರಿದ ಮೇಲೆ ವಾರವಾರ ಗಟ್ಟಿ ಎದುರಾಳಿ ಸಿಗೋಕೆ ಶುರುವಾಯ್ತು. 1993ರಲ್ಲಿ ಫೈನಲ್, ಸೋಲು. 1997ರಲ್ಲಿ ಫೈನಲ್, ಐದು ಸೆಟ್ ಆಡಿ ಸ್ಟ್ಯಾನ್‌ಫರ್ಡ್ ಮುಂದೆ ಸೋಲು. 1998ರದ್ದು ಇನ್ನೂ ಕ್ರೂರ. ಎರಡೂ ತಂಡ ಇಡೀ ಸೀಸನ್ ಒಂದೂ ಮ್ಯಾಚ್ ಸೋಲದೆ ಫೈನಲ್‌ಗೆ ಬಂದಿದ್ವು. ಐದನೇ ಸೆಟ್‌ವರೆಗೆ ಹೋಗಿ ಲಾಂಗ್ ಬೀಚ್ ಸ್ಟೇಟ್ ಗೆದ್ದಿತು.

ಆ ಲಾಂಗ್ ಬೀಚ್ ತಂಡದ ಸೆಟ್ಟರ್, ಅಂದ್ರೆ ಸ್ಮ್ಯಾಶ್‌ಗೆ ಬಾಲ್ ಎತ್ತಿಕೊಡೋಳು, ಯಾರು ಗೊತ್ತಾ? ಮಿಸ್ಟಿ ಮೇ. 1997ರ ಸ್ಟ್ಯಾನ್‌ಫರ್ಡ್ ತಂಡದಲ್ಲಿದ್ದವಳು ಕೆರಿ ವಾಲ್ಶ್. ಮುಂದೆ ಇವರಿಬ್ಬರೇ ಜೋಡಿಯಾಗಿ ಬೀಚ್ ವಾಲಿಬಾಲ್‌ನಲ್ಲಿ 2004, 2008, 2012 ಮೂರು ಒಲಿಂಪಿಕ್ಸ್ ಚಿನ್ನ ಗೆದ್ದರು. ರೋಸ್‌ಗೆ ಒಂದು ವರ್ಷ ಒಬ್ಬಳು, ಮರುವರ್ಷ ಇನ್ನೊಬ್ಬಳು ಅಡ್ಡ ನಿಂತಿದ್ದು. 1999ರಲ್ಲಿ ಹೊನೊಲುಲುನಲ್ಲಿ ವಾಲ್ಶ್ ಇದ್ದ ಅದೇ ಸ್ಟ್ಯಾನ್‌ಫರ್ಡನ್ನ 3-0 ಹೊಡೆದು ಮೊದಲ ಕಪ್ ಎತ್ತಿದ್ರು.

ಕಡಲತಡಿ_ಬ್ಲಾಕರ್:
ಎಲ್ಲ ಸರಿ ಮಾರಾಯ್ರೆ, ಆದ್ರೆ ದುಡ್ಡಿನ ವಿಷಯ ಯಾರೂ ಹೇಳುದಿಲ್ಲ ಅಲ್ವಾ? 12 ಮಂದಿಗೆ ಪೂರ್ತಿ ಸ್ಕಾಲರ್‌ಶಿಪ್, ವಿಮಾನ, ಫಿಸಿಯೊ, ಅಡುಗೆಯವರು. ನನಗೆ ಅಷ್ಟು ಕೊಡಿ, ನಮ್ಮ ಯುವಕ ಮಂಡಲದ ಹುಡುಗರನ್ನು ನಾನೂ ಸೌತ್ ಝೋನಿಗೆ ಮುಟ್ಟಿಸ್ತೇನೆ. ಇದರಲ್ಲಿ ಕೋಚಿನ ಕೆಲಸ ಎಷ್ಟು, ಕಾಲೇಜಿನ ಕಿಸೆಯ ಕೆಲಸ ಎಷ್ಟು?

ಅರ್ಧಬರ್ದ_ಲೆಕ್ಕ:
@ಕಡಲತಡಿ_ಬ್ಲಾಕರ್ ಆ 12 ಸ್ಕಾಲರ್‌ಶಿಪ್ ಅವರ ಎದುರಾಳಿಗಳಿಗೂ ಇತ್ತು ಗುರುಗಳೇ. ಆಗ ದೊಡ್ಡ ಕಾಲೇಜು ಎಲ್ಲದಕ್ಕೂ ಮಿತಿ ಒಂದೇ ಇತ್ತು. ದುಡ್ಡು ಇದ್ದವರೆಲ್ಲ ಗೆಲ್ಲೋದಾದ್ರೆ 109 ಮ್ಯಾಚ್ ಸತತವಾಗಿ ಗೆದ್ದವರು ಇನ್ನೂ ನಾಲ್ಕು ಜನ ಇರಬೇಕಿತ್ತು.

ಹೌದು, 109. 2007ರ ಸೆಪ್ಟೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್‌ಗೆ ಸೋತರು, ಆಮೇಲೆ 2010ರ ಸೆಪ್ಟೆಂಬರ್‌ವರೆಗೆ ಸೋಲೇ ಇಲ್ಲ, ಕೊನೆಗೆ ಸೋಲಿಸಿದ್ದೂ ಸ್ಟ್ಯಾನ್‌ಫರ್ಡೇ. ಮಧ್ಯದಲ್ಲಿ 2008ರಲ್ಲಿ 38-0, 2009ರಲ್ಲೂ 38-0. 2008ರಲ್ಲಂತೂ ರಾಷ್ಟ್ರೀಯ ಸೆಮಿಫೈನಲ್‌ವರೆಗೆ ಒಂದು ಸೆಟ್ಟೂ ಬಿಟ್ಟಿರಲಿಲ್ಲ. ಆ ಸೆಮಿಫೈನಲ್ ನಡೆದದ್ದು ಒಮಾಹಾದಲ್ಲಿ, ನೆಬ್ರಾಸ್ಕದವರ ಅಂಗಳದಲ್ಲೇ, ಎದುರಾಳಿಯೂ ನೆಬ್ರಾಸ್ಕನೇ, 17 ಸಾವಿರಕ್ಕೂ ಹೆಚ್ಚು ಜನ. 2-0 ಇದ್ದದ್ದು 2-2 ಆಯ್ತು. ಐದನೇ ಸೆಟ್ 15-11 ಗೆದ್ದು ಬಂದ್ರು. ಮರುವರ್ಷದ ಫೈನಲ್‌ನಲ್ಲಿ ಟೆಕ್ಸಾಸ್ ಮುಂದೆ 0-2 ಹಿಂದೆ ಬಿದ್ದಿದ್ರು. ಆ ಕಡೆ ಡೆಸ್ಟಿನಿ ಹೂಕರ್ ಒಬ್ಬಳೇ 34 ಕಿಲ್ (ನೇರವಾಗಿ ಪಾಯಿಂಟ್ ತರೋ ಹೊಡೆತ) ಹೊಡೆದಳು. ಆದ್ರೂ ಕೊನೇ ಸೆಟ್ 15-13ಕ್ಕೆ ಪೆನ್ ಸ್ಟೇಟ್ ಪಾಲಾಯ್ತು.

ರೂಲ್ಸ್ ಬದಲಾದ ಕಡೆಗೂ ನೋಡಿ. 1999ರ ಕಪ್ ಗೆದ್ದದ್ದು ಸರ್ವ್ ನಮ್ಮ ಕೈಯಲ್ಲಿದ್ದರಷ್ಟೇ ಪಾಯಿಂಟ್ ಅನ್ನೋ ಹಳೇ 15ರ ಆಟದಲ್ಲಿ. 2007ರದ್ದು ಸರ್ವ್ ಯಾರದ್ದಾದ್ರೂ ಪಾಯಿಂಟ್ ಸಿಗೋ 30ರ ರ್ಯಾಲಿ ಆಟ. 2008ರಿಂದ 25. ನಡುವೆ ಲಿಬೆರೊ, ಅಂದ್ರೆ ಹಿಂದೆ ನಿಂತು ರಕ್ಷಣೆ ಮಾಡೋಕೇ ಇರೋ ಆಟಗಾರ್ತಿ, ಬಂತು. ಆಟ ಮೂರು ಸಲ ಬದಲಾದ್ರೂ ಗೆಲುವು ನಿಲ್ಲಲಿಲ್ಲ. ಇದನ್ನ ಕಿಸೆ ಮಾಡಲ್ಲ.

ಕಡಲತಡಿ_ಬ್ಲಾಕರ್:
ಆಯ್ತು, ಆಯ್ತು. ಆ ಬರೆಯುವುದು ಏನು ಅಂತ ಯಾರಾದ್ರೂ ಬಿಡಿಸಿ ಹೇಳಿ. ನಮ್ಮಲ್ಲಿ ಸ್ಕೋರರ್ ಬರೆಯುದು ಬಿಟ್ರೆ ಬರೆಯುವ ಕ್ರಮವೇ ಇಲ್ಲ.

ರೆಕ್‌ಹಾಲ್_ಹಿಂದಿನಸಾಲು:
ಅವರ ಹಾಳೆಯಲ್ಲಿ ಏನಿತ್ತು ಅಂತ ನಾನು ಇಣುಕಿ ನೋಡಿಲ್ಲ :) ಸಾಮಾನ್ಯವಾಗಿ ಲೆಕ್ಕ ಹಾಕೋ ಕ್ರಮ ಹೇಳ್ತೀನಿ.

ಸ್ಮ್ಯಾಶ್ ಹೊಡೆಯೋಳ ಲೆಕ್ಕ ಹೀಗೆ: ಪಾಯಿಂಟ್ ತಂದ ಹೊಡೆತದಿಂದ ತಪ್ಪು ಹೊಡೆತ ಕಳೀಬೇಕು, ಒಟ್ಟು ಹೊಡೆತದಿಂದ ಭಾಗಿಸಬೇಕು. 30 ಸಲ ಹೊಡೆದಳು, 14 ಪಾಯಿಂಟ್ ಬಂತು, 5 ಹೊರಗೆ ಹೋಯ್ತು ಅಥವಾ ಬ್ಲಾಕ್ ಆಯ್ತು ಅಂದ್ರೆ 9 ಭಾಗ 30, .300. ಇನ್ನೊಬ್ಬಳು ಅದೇ 30ರಲ್ಲಿ 17 ಪಾಯಿಂಟ್ ತಂದು 11 ಕಳೆದಳು ಅಂದ್ಕೊಳ್ಳಿ. ಜನ ಚಪ್ಪಾಳೆ ಹೊಡೆಯೋದು ಇವಳಿಗೆ. ಲೆಕ್ಕದಲ್ಲಿ ಇವಳದ್ದು .200. ನಮ್ಮ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ 'ಬೆಸ್ಟ್ ಅಟ್ಯಾಕರ್' ಟ್ರೋಫಿ ಯಾವಾಗಲೂ ಈ ಎರಡನೆಯವರಿಗೇ ಸಿಗುತ್ತೆ, ಗಮನಿಸಿ.

ಪಾಸ್‌ಗೆ 0ಯಿಂದ 3. ಸರ್ವ್ ತಗೊಂಡಾಗ ಬಾಲ್ ಸೀದಾ ಸೆಟ್ಟರ್ ತಲೆ ಮೇಲೆ ಬಂದು, ಅವಳು ಯಾವ ಕಡೆಗೆ ಬೇಕಾದ್ರೂ ಎತ್ತಿಕೊಡಬಹುದು ಅಂದ್ರೆ 3. ಎರಡೇ ದಿಕ್ಕು ಉಳೀತು ಅಂದ್ರೆ 2. ಓಡಿಹೋಗಿ ಹೇಗೋ ಒಂದು ಕಡೆ ಎತ್ತಿದಳು ಅಂದ್ರೆ 1. ಪಾಯಿಂಟೇ ಹೋಯ್ತು ಅಂದ್ರೆ 0.

ಪಿಡಿಸರ್_ಮಲೆನಾಡು:
ಬಹಳ ದಿನದ ಮೇಲೆ ಇಲ್ಲಿ ಕೆಲಸಕ್ಕೆ ಬರೋ ಚರ್ಚೆ ನೋಡ್ತಾ ಇದ್ದೀನಿ. ನಾನು ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಹೆಸರು ಬೇಡ.

ರೋಸ್ ಅವರ ಬಗ್ಗೆ ಗೌರವ ಇಟ್ಕೊಂಡೇ ಒಂದು ಮಾತು ಹೇಳ್ತೀನಿ. ಅವರಿಗಿದ್ದದ್ದು ಒಂದು ಆಟ, ಒಂದು ತಂಡ. ನನ್ನ ಕೈಯಲ್ಲಿ ಕಬಡ್ಡಿ, ಖೋಖೋ, ಅಥ್ಲೆಟಿಕ್ಸ್, ಚೆಸ್, ಶಟಲ್, ಬಾಲ್ ಬ್ಯಾಡ್ಮಿಂಟನ್, ಎಲ್ಲದರ ಹುಡುಗರು ಹುಡುಗಿಯರೂ ಇದ್ದಾರೆ. ಅದರ ಮೇಲೆ ಅಡ್ಮಿಷನ್ ಡ್ಯೂಟಿ, ಪರೀಕ್ಷಾ ಡ್ಯೂಟಿ, ಆಗಸ್ಟ್ 15ರ ಪೆರೇಡು, ಶಿಸ್ತು ಸಮಿತಿ. ಯಾರಾದ್ರೂ ಗೋಡೆ ಮೇಲೆ ಹೆಸರು ಬರೆದ್ರೆ "ಪಿಡಿ ಸರ್‌ನ ಕರೀರಿ".

ನಮ್ಮದು ಮಣ್ಣಿನ ಕೋರ್ಟು. ಮೂರೂವರೆಗೆ ನೀರು ಹೊಡೆದು, ಧೂಳು ಕೂತ ಮೇಲೆ ಸುಣ್ಣದ ಗೆರೆ ಎಳೆದು, ನೆಟ್ ಬಿಗಿದು ಆಟ ಶುರು ಮಾಡೋಷ್ಟರಲ್ಲಿ ಹಳ್ಳಿ ಬಸ್ಸಿನ ಹುಡುಗರು ಗಡಿಯಾರ ನೋಡೋಕೆ ಶುರು ಮಾಡ್ತಾರೆ. ಐದೂಕಾಲಿನ ಬಸ್ ಬಿಟ್ರೆ ಏಳರವರೆಗೆ ಇನ್ನೊಂದಿಲ್ಲ. ಮಳೆಗಾಲ ನಾಲ್ಕು ತಿಂಗಳು ಕೋರ್ಟ್ ಕೆಸರುಗದ್ದೆ.

ಇನ್ನು ಒಳ್ಳೆ ಹುಡುಗ ಸಿಕ್ಕರೆ ಅವನು ಬರೋದೇ ಪಂದ್ಯಾವಳಿಗಳಲ್ಲಿ ಪಳಗಿ. ಕೈ ಬಲ ಇರುತ್ತೆ, ಹಾರೋ ಶಕ್ತಿ ಇರುತ್ತೆ, ಪಾಸ್ ಮಾತ್ರ ಇರಲ್ಲ. ಯಾಕೆ ಅಂದ್ರೆ ಊರಲ್ಲಿ ಪಾಸ್ ಮಾಡೋನಿಗೆ ಯಾರೂ ಶಿಳ್ಳೆ ಹಾಕಲ್ಲ. ಇಂಟರ್‌ಕಾಲೇಜು ಮ್ಯಾಚಿನ ಹಿಂದಿನ ರಾತ್ರಿ ಯಾವುದೋ ಊರಿನ ತಂಡಕ್ಕೆ ನಗದು ಬಹುಮಾನಕ್ಕೆ ಆಡಿ, ಬೆಳಗಿನ ಜಾವ ಮೂರಕ್ಕೆ ಫೈನಲ್ ಮುಗಿಸಿ, ಕಣ್ಣು ಕೆಂಪಗೆ ಮಾಡ್ಕೊಂಡು ಬಂದು ನಿಂತಿರ್ತಾನೆ. ಬಯ್ಯೋಣ ಅಂದ್ರೆ ಬಾಯಿ ಬರಲ್ಲ. ಆ ದುಡ್ಡಲ್ಲೇ ಅವನ ಪರೀಕ್ಷೆ ಫೀಸು ಹೋಗೋದು ಅಂತ ನನಗೆ ಗೊತ್ತು.

ಮೂರು ವರ್ಷಕ್ಕೆ ಹುಡುಗ ಮುಗಿದುಹೋಗ್ತಾನೆ. ಮೊದಲನೇ ವರ್ಷ ಅಭ್ಯಾಸ ಬಿಡಿಸೋಕೆ, ಎರಡನೇ ವರ್ಷ ಕಲಿಸೋಕೆ, ಮೂರನೇ ವರ್ಷ ಆಡೋ ಹೊತ್ತಿಗೆ ಪೊಲೀಸ್ ಪರೀಕ್ಷೆಗೆ ಓದ್ತಾ ಇರ್ತಾನೆ. 21 ವರ್ಷ ಕಾಯೋ ತಾಳ್ಮೆ ನನ್ನ ಹತ್ರಾನೂ ಇದೆ. ಕಾಯೋಕೆ ನನಗೆ ತಂಡವೇ ಉಳಿಯಲ್ಲ.

ಹುಬ್ಳಿ_ಬೂಸ್ಟರ್:
ಪಿಡಿ ಸರ್, ಖರೇ ಅದ. ನಮ್ಮ ಸರ್ ನಮ್ಮನ್ನ ಕರ್ಕೊಂಡು ಹೋಗಾಗ ಟಿಎ ಡಿಎ ಬಿಲ್ ಪಾಸ್ ಆಗಿರ್ತಿರ್ಲಿಲ್ಲ, ತಮ್ಮ ಕಿಸೆದಾಗಿಂದ ಇಡ್ಲಿ ಕೊಡಿಸ್ತಿದ್ರು. ಅವರ ಹೆಸರು ಎಲ್ಲೂ ದಾಖಲಾಗಿಲ್ಲ. ಅವರು ಎಷ್ಟು ಮ್ಯಾಚ್ ಗೆದ್ರು ಅಂತ ಅವರ ಕಾಲೇಜಿಗೇ ಗೊತ್ತಿಲ್ಲ ಬಿಡ್ರಿ.

ಲೆಫ್ಟ್‌ಬ್ಯಾಕ್:
ಯೂನಿವರ್ಸಿಟಿ ತಂಡಕ್ಕೆ ಆಡಿದವಳಾಗಿ ಬೇರೆ ಕಡೆಯಿಂದ ಒಂದು ಮಾತು ಸೇರಿಸ್ತೀನಿ.

ಅಮೆರಿಕದಲ್ಲಿ ಈ ಕೆಲಸಗಳೆಲ್ಲ ಹುಟ್ಟಿದ್ದೇ 1972ರ ಟೈಟಲ್ ನೈನ್ ಕಾನೂನಿನಿಂದ. ಕೇಂದ್ರದ ದುಡ್ಡು ತಗೊಳ್ಳೋ ಕಾಲೇಜು ಹೆಣ್ಮಕ್ಕಳಿಗೆ ಭೇದ ಮಾಡಬಾರದು, ಆಟದಲ್ಲೂ. ರೋಸ್ ಅವರಂಥ ಒಬ್ಬ ಯುವಕನಿಗೆ 1979ರಲ್ಲಿ ಕೆಲಸ ಸಿಕ್ಕಿದ್ದರ ಹಿಂದೆ ಇದೆಲ್ಲ ಇದೆ. ಆದರೆ ವಿಚಿತ್ರ ನೋಡಿ: ಹೆಣ್ಮಕ್ಕಳ ಆಟಕ್ಕೆ ದುಡ್ಡು, ಸ್ಥಾನ ಬಂದ ಮೇಲೆ ಆ ಕೋಚ್ ಕುರ್ಚಿಗಳಲ್ಲಿ ಗಂಡಸರೇ ಜಾಸ್ತಿ ಬಂದು ಕೂತರು. 1981ರಿಂದ 2023ರವರೆಗೆ ಡಿವಿಷನ್ ಒಂದರ (ಕಾಲೇಜು ಆಟದ ಮೇಲಿನ ದರ್ಜೆ) ಹೆಣ್ಮಕ್ಕಳ ವಾಲಿಬಾಲ್ ಪ್ರಶಸ್ತಿಯನ್ನ ಮಹಿಳಾ ಮುಖ್ಯ ಕೋಚ್ ಒಬ್ಬರೂ ಗೆದ್ದಿರಲಿಲ್ಲ. ಒಬ್ಬರೂ! ಫ್ಲೋರಿಡಾದ ಮೇರಿ ವೈಸ್ 1991ರಿಂದ ಕೋಚ್ ಆಗಿದ್ದು 2003ರಲ್ಲಿ, 2017ರಲ್ಲಿ ಫೈನಲ್‌ವರೆಗೆ ಹೋದರು, ಎರಡೂ ಸಲ ಕೈತಪ್ಪಿತು. ಕಪ್ ಇಲ್ಲದೆಯೇ ನಿವೃತ್ತರಾದರು.

ಅದನ್ನ ಮುರಿದದ್ದು ಯಾರು ಅಂದ್ರೆ ರೋಸ್ ಶಿಷ್ಯೆ. ಕೇಟಿ ಶೂಮಾಕರ್-ಕಾಲಿ. 1999ರ ಆ ಮೊದಲ ಕಪ್ ತಂಡದಲ್ಲಿ ಆಡಿದವರು. ಬೇರೆ ಎರಡು ಕಾಲೇಜುಗಳಲ್ಲಿ ಮುಖ್ಯ ಕೋಚ್ ಆಗಿದ್ದು, 2018ರಲ್ಲಿ ವಾಪಸ್ ಬಂದು ರೋಸ್‌ಗೆ ಸಹಾಯಕಿಯಾದರು. 2022ರಿಂದ ಅವರ ಜಾಗಕ್ಕೆ. 2024ರ ಸೀಸನ್ ನಡುವೆ ಸ್ತನ ಕ್ಯಾನ್ಸರ್ ಅಂತ ತಿಳೀತು, ಚಿಕಿತ್ಸೆ ತಗೊಳ್ತಾನೇ ಬೆಂಚ್ ಮೇಲೆ ಕೂತರು. ಸೆಮಿಫೈನಲ್‌ನಲ್ಲಿ ನೆಬ್ರಾಸ್ಕ ಮುಂದೆ 0-2 ಹಿಂದಿದ್ದು 3-2 ಗೆದ್ದರು. ಫೈನಲ್‌ನಲ್ಲಿ ಲೂಯಿವಿಲ್‌ನ ಅವರ ಊರಲ್ಲೇ 3-1 ಸೋಲಿಸಿದರು. ಆ ಸಂಜೆ ಎದುರಾಳಿ ಕೋಚ್ ಕೂಡ ಹೆಂಗಸೇ, ಡ್ಯಾನಿ ಬುಸ್‌ಬೂಮ್ ಕೆಲಿ. ಯಾರು ಗೆದ್ದರೂ ಅದು ಮೊದಲ ಸಲವೇ ಆಗ್ತಿತ್ತು.

ನನ್ನ ಪ್ರಕಾರ ರೋಸ್ ವೃತ್ತಿಯಲ್ಲಿ ಏಳು ಕಪ್ಪಿಗಿಂತ ತೂಕದ ವಿಷಯ ಇದು. ತಮ್ಮ ಹತ್ರ ಆಡಿದವಳಿಗೆ ಕೋಚ್ ಆಗೋಕೆ ದಾರಿ ಬಿಟ್ಟರು. ನಮ್ಮಲ್ಲಿ ಆಡಿದ ಹೆಣ್ಮಕ್ಕಳು ಎಲ್ಲಿ ಹೋಗ್ತಾರೆ? ತಂಡ ಹೊರಊರಿಗೆ ಹೊರಟಾಗ "ಲೇಡಿ ಮ್ಯಾನೇಜರ್ ಬೇಕು" ಅಂತ ಇಂಗ್ಲಿಷ್ ಮೇಡಂನೋ, ಲೈಬ್ರರಿ ಮೇಡಂನೋ ಹುಡುಕ್ತಾರೆ. ಆಟ ಗೊತ್ತಿರೋ ಹಿರಿಯ ಆಟಗಾರ್ತಿ ಅದೇ ಊರಲ್ಲಿ ಮನೆಯಲ್ಲಿ ಕೂತಿರ್ತಾಳೆ.

ಅರ್ಧಬರ್ದ_ಲೆಕ್ಕ:
ಒಪ್ತೀನಿ ಅಕ್ಕ. ಅವರ ಕೈಯಲ್ಲಿ ಬೆಳೆದ ಆಟಗಾರ್ತಿಯರ ಪಟ್ಟಿನೂ ಸಣ್ಣದಲ್ಲ. 2012ರ ಲಂಡನ್ ಬೆಳ್ಳಿ ತಂಡದಲ್ಲಿ ಮೆಗನ್ ಹಾಡ್ಜ್, ಕ್ರಿಸ್ಟಾ ಹಾರ್ಮೊಟೊ. 2016ರ ರಿಯೊ ಕಂಚಿನಲ್ಲಿ ಸೆಟ್ಟರ್ ಅಲೀಶಾ ಗ್ಲಾಸ್, ಮತ್ತೆ ಹಾರ್ಮೊಟೊ. ಟೋಕಿಯೊ ಚಿನ್ನದಲ್ಲಿ ಹೇಲಿ ವಾಷಿಂಗ್ಟನ್, ಮೈಕಾ ಹ್ಯಾನ್‌ಕಾಕ್.

ಟೆಕ್ಸಾಸ್_ಅಪ್ಪ:
ಡ್ಯಾಲಸ್‌ನಲ್ಲಿರೋ ಕನ್ನಡಿಗ. ಮಗಳು ಕ್ಲಬ್‌ನಲ್ಲಿ ಲಿಬೆರೊ ಆಡ್ತಾಳೆ. ಈ ಕೋಚ್‌ಗಳ ಕೆಲಸದ ಇನ್ನೊಂದು ಮುಖ ನಾವು ನೋಡೋದು.

ಸೀಸನ್ ಆಗಸ್ಟ್‌ನಿಂದ ಡಿಸೆಂಬರ್. ಉಳಿದ ತಿಂಗಳು ಈ ಕೋಚ್‌ಗಳು ದೊಡ್ಡ ಕನ್ವೆನ್ಷನ್ ಹಾಲ್‌ಗಳಲ್ಲಿ ಮಡಚೋ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ಒಂದೇ ಸೂರಿನಡಿ ಸಾಲುಸಾಲು ಕೋರ್ಟು, ಎಲ್ಲ ಕಡೆ ಏಕಕಾಲಕ್ಕೆ ಸೀಟಿ. ಹೈಸ್ಕೂಲಿನ ಎರಡನೇ ವರ್ಷ ಮುಗಿದು ಜೂನ್ 15 ಬರೋವರೆಗೆ ಹುಡುಗಿ ಜೊತೆ ಅವರು ನೇರವಾಗಿ ಮಾತಾಡೋ ಹಾಗಿಲ್ಲ. ಮಗಳು ಇಮೇಲ್ ಮೇಲೆ ಇಮೇಲ್ ಹಾಕ್ತಾಳೆ, ಉತ್ತರ ಬರಲ್ಲ. ಪಾಪ ಅವರು ಬರೆಯೋ ಹಾಗೇ ಇಲ್ಲ. ಜೂನ್ 15ರ ಬೆಳಗ್ಗೆ ಇಲ್ಲಿನ ಮನೆಗಳಲ್ಲಿ ಫೋನ್ ಹಿಡ್ಕೊಂಡು ಕೂರೋದು ನೋಡ್ಬೇಕು, ನಮ್ಮಲ್ಲಿ ಪಿಯುಸಿ ರಿಸಲ್ಟ್ ದಿನ ಇದ್ದ ಹಾಗೆ.

ಈಗ ಆಟಗಾರ್ತಿಯರು ಕಾಲೇಜು ಬದಲಾಯಿಸೋದು ಸುಲಭ ಆಗಿದೆ, 2021ರ ಜುಲೈನಿಂದ ತಮ್ಮ ಹೆಸರಿನ ಮೇಲೆ ದುಡ್ಡೂ ಮಾಡಬಹುದು. ರೋಸ್ ನಿಲ್ಲಿಸಿದ್ದು ಅದೇ ವರ್ಷದ ಕೊನೆಗೆ. ಅದೇ ಕಾರಣ ಅಂತ ನಾನು ಹೇಳ್ತಿಲ್ಲ. ಆದ್ರೆ ನಾಲ್ಕು ವರ್ಷ ಒಬ್ಬಳನ್ನ ಇಟ್ಕೊಂಡು ಅರೆದು ಅರೆದು ಬೆಳೆಸೋ ಕಾಲ ಮುಗೀತು ಅಂತ ಇಲ್ಲಿನ ಅಪ್ಪ ಅಮ್ಮಂದಿರ ಮಾತು.

ಕಡಲತಡಿ_ಬ್ಲಾಕರ್:
ಮಗಳಿಗೆ ಒಳ್ಳೇದಾಗ್ಲಿ ಅಣ್ಣ. ನೀವು ಹೇಳಿದ್ದು ಕೇಳಿ ನೆನಪಾಯ್ತು, ಪ್ರೈಮ್ ವಾಲಿಬಾಲ್ ಲೀಗಿನ ನಮ್ಮ ಬೆಂಗಳೂರು ಟಾರ್ಪೆಡೋಸಿನ ಕೋಚ್ ಡೇವಿಡ್ ಲೀ ಕೂಡ ಅಮೆರಿಕದ ಕಾಲೇಜು ವಾಲಿಬಾಲಿನಿಂದ ಬಂದವರೇ, ಲಾಂಗ್ ಬೀಚ್ ಸ್ಟೇಟ್, ಆಮೇಲೆ 2008ರ ಬೀಜಿಂಗ್ ಚಿನ್ನ. ಟೈಮ್‌ಔಟಿನಲ್ಲಿ ಅವರು ಮಾತಾಡುದು ನೋಡಿ, ಬೊಬ್ಬೆ ಇಲ್ಲ. ಒಂದೋ ಎರಡೋ ವಿಷಯ, ಅಷ್ಟೇ. ನಮ್ಮಲ್ಲಿ ಟೈಮ್‌ಔಟ್ ಅಂದ್ರೆ ಊರಿನವರೆಲ್ಲ ಒಳಗೆ ಬಂದು ಒಬ್ಬೊಬ್ಬರು ಒಂದೊಂದು ಹೇಳುದು.

ರೆಕ್‌ಹಾಲ್_ಹಿಂದಿನಸಾಲು:
ಹಹ್ಹ. ರೋಸ್ ಮಾತೂ ಕಮ್ಮಿ, ಆಡಿದ್ರೆ ವ್ಯಂಗ್ಯ. ಎಲ್ಲ ಹುಡುಗಿಯರಿಗೂ ಅದು ಹಿಡಿಸೋ ಜಾತಿ ಅಲ್ಲ. ನನಗೂ ಆ ಶೈಲಿ ಪೂರ್ತಿ ಇಷ್ಟ ಅಂತಲ್ಲ.

@ಪಿಡಿಸರ್_ಮಲೆನಾಡು ನಿಮ್ಮ ಮಾತು ಓದಿ ಸುಮ್ಮನೆ ಇರೋಕೆ ಆಗಲಿಲ್ಲ ಸರ್. ಒಂದು ಆಟ ಒಂದು ತಂಡ ಅನ್ನೋದು ನಿಮ್ಮ ಕೈಲಿಲ್ಲ, ಸ್ಕಾಲರ್‌ಶಿಪ್ಪೂ ಇಲ್ಲ. ಆದರೆ ಆ ಹಾಳೆ, ಪೆನ್ನು ಇದೆಯಲ್ಲ? ಪಾಸ್ ಮಾಡೋನಿಗೆ ಯಾರೂ ಶಿಳ್ಳೆ ಹಾಕಲ್ಲ ಅಂದ್ರಿ. ಪಾಸ್‌ಗೆ ನಂಬರ್ ಕೊಟ್ಟು ವಾರಕ್ಕೊಮ್ಮೆ ನೋಟಿಸ್ ಬೋರ್ಡ್‌ಗೆ ಅಂಟಿಸಿ ನೋಡಿ.

ಪಿಡಿಸರ್_ಮಲೆನಾಡು:
ಅದು ನನಗೂ ಹೊಳೀತು. ಹೇಗೆ ಬರೆಸೋದು? ನಾನೇ ಬರೆಯೋಕೆ ಕೂತ್ರೆ ಬಾಲ್ ಹಾಕೋರು ಯಾರು?

ರೆಕ್‌ಹಾಲ್_ಹಿಂದಿನಸಾಲು:
ಹೊರಗೆ ಕೂತಿರೋ ಹುಡುಗನ ಕೈಲಿ ಬರೆಸಿ ಸರ್. ಎಡಗಡೆ ಹೆಸರು, ಬಲಗಡೆ ಪ್ರತಿ ಪಾಸ್‌ಗೆ ಒಂದು ಅಂಕಿ, ಉದ್ದಕ್ಕೆ ಬರೀತಾ ಹೋಗ್ಲಿ. ಕೊನೆಗೆ ಕೂಡಿಸಿ ಎಷ್ಟು ಪಾಸೋ ಅಷ್ಟರಿಂದ ಭಾಗಿಸೋದು. ಕಾಲೇಜು ಹುಡುಗರು ಸರಾಸರಿ 2 ಮುಟ್ಟಿದ್ರೆ ಖುಷಿಪಡಿ. ಸ್ಮ್ಯಾಶ್ ಲೆಕ್ಕಕ್ಕೆ ಈಗಲೇ ಕೈ ಹಾಕಬೇಡಿ, ಎರಡೂ ಒಟ್ಟಿಗೆ ಬರೆಯೋಕೆ ಹೋದ್ರೆ ಎರಡೂ ಕೆಡುತ್ತೆ.

ಹುಬ್ಳಿ_ಬೂಸ್ಟರ್:
ಪಾಸ್ ಸೀದಾ ನೆಟ್ ದಾಟಿ ಆ ಕಡೆ ಹೋದ್ರ ಎಷ್ಟು ಕೊಡೂದು?

ರೆಕ್‌ಹಾಲ್_ಹಿಂದಿನಸಾಲು:
ಕೆಲವರು 1 ಕೊಡ್ತಾರೆ, ಕೆಲವರು 0. ಯಾವುದಾದ್ರೂ ಒಂದು ಹಿಡೀರಿ, ಆಮೇಲೆ ಬದಲಾಯಿಸಬೇಡಿ. ಬದಲಾಯಿಸಿದ್ರೆ ಹೋದ ತಿಂಗಳ ಹಾಳೆ ಜೊತೆ ಈ ತಿಂಗಳದ್ದನ್ನ ಹೋಲಿಸೋಕಾಗಲ್ಲ.

ಪಿಡಿಸರ್_ಮಲೆನಾಡು:
0 ಅಂತಲೇ ಇಡ್ತೀನಿ, ಎದುರಾಳಿಗೆ ಪುಕ್ಕಟೆ ಸ್ಮ್ಯಾಶ್ ಕೊಟ್ಟ ಹಾಗೆ ತಾನೇ. ಕಾಲು ಉಳುಕಿಸ್ಕೊಂಡು ಕೂತಿರೋ ಬಿಕಾಂ ಹುಡುಗ ಒಬ್ಬ ಇದ್ದಾನೆ, ಅವನಿಗೆ ಹಾಳೆ ಕೊಡ್ತೀನಿ. ಗೆಳೆಯರಿಗೆಲ್ಲ 3 ಹಾಕಿಬಿಡ್ತಾನೆ ಅನ್ನೋದೊಂದೇ ಚಿಂತೆ. ಮೇಡಂ @ಲೆಫ್ಟ್‌ಬ್ಯಾಕ್, ನೀವು ಮಲೆನಾಡಿನ ಕಡೆಯವರೇ ಆಗಿದ್ರೆ ನನಗೆ ಖಾಸಗಿ ಸಂದೇಶ ಹಾಕಿ. ನಮ್ಮ ಹುಡುಗಿಯರ ತಂಡಕ್ಕೆ ಬರೋ ತಿಂಗಳು ಇಂಟರ್‌ಕಾಲೇಜು ಇದೆ, ಮ್ಯಾನೇಜರ್ ಹೆಸರು ಇನ್ನೂ ಬರೆದಿಲ್ಲ.

ಲೆಫ್ಟ್‌ಬ್ಯಾಕ್:
ಹಾಕಿದ್ದೀನಿ ಸರ್, ನೋಡಿ.